ಗೇರಿನ ಮೇಲಿನ ಗಾಜಿನ ಗುಂಡು

ಮೊದಲೇ ಹೇಳಿಬಿಡುತ್ತೇನೆ, ಆ ಫೋನು ಮಾಡಿದ ಮೂರ್ಖ ನಾನೇ. ಸಾವ್ಕಾರರ ದನಿಯಲ್ಲಿ ಮಾತಾಡಿ ಕಾಕಾರನ್ನು ಹೆದರಿಸಿದವನು ನಾನು. ಅದರಿಂದ ಗೋಕಾಕದ ಬಜಾರದಲ್ಲಿ ಒಂದು ಹೊಚ್ಚ ಹೊಸ ಕಾರು ಬಂಡೆಗಲ್ಲಿನ ಹಾಗೆ ಕೂತುಬಿಟ್ಟಿತು. ಊರವರು ನನ್ನನ್ನು ಮಿಮಿಕ್ರಿ ಕಲಾವಿದ ಅನ್ನುತ್ತಾರೆ. ಅಂದರೆ ಮದುವೆ ಮನೆಯಲ್ಲಿ ಅಡುಗೆ ತಡವಾದಾಗ ಕೈಗೆ ಮೈಕು ಕೊಡುತ್ತಾರೆ, ಅನ್ನ ಬೆಂದ ಕೂಡಲೇ ಕಸಿದುಕೊಳ್ಳುತ್ತಾರೆ. ಉಳಿದ ದಿನ ನಾನು ಸಾವ್ಕಾರರ ಗೊಬ್ಬರದ ಅಂಗಡಿಯಲ್ಲಿ ಚೀಲ ಎಣಿಸುವವನು. ಟ್ರ್ಯಾಕ್ಟರ್, ಕಂಡಕ್ಟರ್, ಕೆಮ್ಮುವ ಮುದುಕ, ಬೈಯುವ ನಮ್ಮವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ಇದ್ದಾರೆ. ನನ್ನ ದನಿ ಯಾವುದೆಂದು ಕೇಳಿದರೆ ಮಾತ್ರ ನಾನೂ ಸ್ವಲ್ಪ ಹುಡುಕಬೇಕು.

ಕಾಕಾ ಸಾವ್ಕಾರರ ಡ್ರೈವರ್. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅವರ ಊರಾದ ಕುಲಗೋಡದ ಬಸ್ ನಿಲ್ದಾಣದಲ್ಲಿ ಯಾರಾದರೂ ಇದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ಅವರ ಮನೆಯವರು ಆ ದಿನದ ಕತೆಯನ್ನು ಮತ್ತೆ ಕೇಳಬೇಕಾಗುತ್ತದೆ.

ಹೋದ ತಿಂಗಳು ಕಾಕಾರ ನಂಬರಿನಿಂದ ನನಗೆ ಫೋನು ಬಂತು. ‘ಅಪ್ಪ ಹ್ವಾದ್ರು’ ಎಂದು ಒಂದು ದಪ್ಪ ದನಿ. ನಾನು ನಕ್ಕೆ. ಯಾಕೆಂದರೆ ಆ ಘಟನೆಯ ನಂತರ ಎಲ್ಲಿ ಸಿಕ್ಕರೂ ಕಾಕಾ, ಒಂದು ದಿನ ನಿನಗೂ ಹಾಗೇ ಫೋನು ಮಾಡಿ ನಿನ್ನ ಎದೆ ಒಡೆಯುತ್ತೇನೆ ನೋಡು ಎಂದು ಬೆರಳು ತೋರಿಸುತ್ತಿದ್ದರು. ಕೊನೆಗೂ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು, ‘ದನಿ ಚಲೋ ಐತಿ ಕಾಕಾ, ಅಳೂದು ಇನ್ನೊಂದೀಟು ಕಲೀರಿ’ ಎಂದೆ. ಮಾತಾಡಿದ್ದು ಅವರ ಮಗ. ನಾನು ಫೋನು ಹಿಡಿದುಕೊಂಡು ಗೊಬ್ಬರದ ಚೀಲದ ಮೇಲೆ ಕೂತೆ. ಆಮೇಲೆ ಎದ್ದು ಯಾವ ದನಿಯಲ್ಲಿ ಮಾತಾಡಬೇಕೆಂದು ನನಗೆ ಬಹಳ ಹೊತ್ತು ತಿಳಿಯಲಿಲ್ಲ.

ಕಾಕಾರ ಕುತ್ತಿಗೆ ಸ್ವಲ್ಪ ಎಡಕ್ಕೆ ವಾಲಿತ್ತು. ವರ್ಷಾನುಗಟ್ಟಲೆ ಗೇರ್ ಹಾಕುತ್ತ ಆ ಕಡೆ ಬಾಗಿ ಬಾಗಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು. ಅವರ ಎಡ ಅಂಗೈಯ ನಡುವೆ ಒಂದು ದುಂಡನೆಯ ದಡ್ಡು ಬಿದ್ದಿತ್ತು. ಆ ದಡ್ಡಿಗೆ ಸರಿಯಾಗಿ ಕೂರುವಂಥ ಒಂದು ಗಾಜಿನ ಗುಂಡು ಅವರ ಬಳಿ ಇತ್ತು. ಗೇರ್ ರಾಡಿನ ತುದಿಗೆ ತಿರುಗಿಸಿ ಕೂರಿಸುವ ಗುಂಡು ಅದು, ಒಳಗೆ ಒಂದು ಕೆಂಪು ಹೂವು. ಎಲ್ಲಿ ಸಿಕ್ಕಿತೆಂದು ಕೇಳಿದರೆ ಪ್ರತಿ ಸಲ ಬೇರೆ ಊರಿನ ಹೆಸರು ಹೇಳುತ್ತಿದ್ದರು. ಜೀಪಿಗೆ, ಟೆಂಪೋಗೆ, ಸಾವ್ಕಾರರ ಹಳೆಯ ಡೀಸೆಲ್ ಕಾರಿಗೆ, ಓಡಿಸಿದ ಗಾಡಿಗೆಲ್ಲ ಅದೇ ಗುಂಡು. ಕೆಲಸಕ್ಕೆ ಸೇರಿದ ಮೊದಲ ದಿನ ಗಾಡಿಯ ಗುಂಡನ್ನು ಬಿಚ್ಚಿ ಸಾವ್ಕಾರರ ಕೈಗೆ ಕೊಟ್ಟು, ತಮ್ಮದನ್ನು ಕೂರಿಸಿ, ‘ಗಾಡಿ ನಿಮ್ಮದು ಸಾವ್ಕಾರ್ರ, ಗುಂಡು ನನ್ನದು’ ಎಂದಿದ್ದರಂತೆ. ಆ ಮಾತನ್ನು ನಾನು ಎಷ್ಟು ಮದುವೆಗಳಲ್ಲಿ ಅನುಕರಣೆ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೇನೋ.

ನಮ್ಮ ಕಡೆಯ ಹಳೆಯ ಡ್ರೈವರರಲ್ಲಿ ಗುಂಡು ಬಿಚ್ಚಿಕೊಂಡು ಹೋದ ಅಂದರೆ ಕೆಲಸ ಬಿಟ್ಟ ಎಂದೇ ಅರ್ಥ. ಕಾಕಾ ಅದನ್ನು ವರ್ಷಕ್ಕೆ ಒಂದೆರಡು ಸಲವಾದರೂ ಮಾಡುತ್ತಿದ್ದರು. ಸಾವ್ಕಾರರು ಗಿರಾಕಿಗಳ ಎದುರು ದನಿ ಏರಿಸಿದರೆ ಸಾಕು, ಕಾಕಾ ಮಾತಿಲ್ಲದೆ ಹೋಗಿ ಗುಂಡು ತಿರುಗಿಸಿ ಬಿಚ್ಚಿ, ಜೇಬಿಗೆ ಹಾಕಿಕೊಂಡು ಎದುರಿನ ಚಹಾದ ಅಂಗಡಿಯಲ್ಲಿ ಕೂರುತ್ತಿದ್ದರು. ಅಲ್ಲಿಂದ, ‘ನಾ ಇಲ್ದ ಆ ಗಾಡಿ ಅಳ್ಳಾಡಂಗಿಲ್ಲ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುವುದು. ಅದು ಶುದ್ಧ ಸುಳ್ಳು. ಬೋಳು ರಾಡು ಹಿಡಿದೂ ಗಾಡಿ ಓಡಿಸಬಹುದು. ನಾನೇ ಓಡಿಸಿದ್ದೇನೆ, ರಾಡಿನ ತುದಿಯ ತಿರುಪಿನ ಗೆರೆ ಅಂಗೈಯಲ್ಲಿ ಅಚ್ಚೊತ್ತಿತು, ಅಷ್ಟೆ. ಆದರೂ ಸಾವ್ಕಾರರು ಹೊತ್ತು ನೋಡಿ ಚಹಾದ ಅಂಗಡಿಗೆ ಬರುತ್ತಿದ್ದರು. ತಪ್ಪಾಯಿತು ಎಂದು ಇವರೂ ಅನ್ನುತ್ತಿರಲಿಲ್ಲ, ಅವರೂ ಅನ್ನುತ್ತಿರಲಿಲ್ಲ. ‘ನಡಿ, ಗುಂಡು ಹಾಕು’ ಎಂದರೆ ಮುಗಿಯಿತು. ಕಾಕಾ ಹಿಂದೆ, ಸಾವ್ಕಾರರು ಮುಂದೆ, ಇಬ್ಬರೂ ರಸ್ತೆ ದಾಟಿ ಬರುವುದು ಒಳ್ಳೆ ಮದುವೆ ಮೆರವಣಿಗೆಯ ಹಾಗೆ ಕಾಣುತ್ತಿತ್ತು.

ಗಾಡಿ ಕಲಿಸುವ ಅವರ ರೀತಿ ಇನ್ನೂ ವಿಚಿತ್ರ. ಮುಂದಕ್ಕೆ ಓಡಿಸುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ. ಹಿಂದಕ್ಕೆ ತೆಗೆಯುವ ದಿನ ಕಾಕಾ ಕೆಳಗಿಳಿದು, ಗಾಡಿಯ ಹಿಂದೆ, ಗಾಡಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಕಲಿಯುವವನಿಗೆ ಕನ್ನಡಿಯಲ್ಲಿ ಅವರ ಬೆನ್ನು ಮಾತ್ರ ಕಾಣಬೇಕು. ನನಗೆ ಕಲಿಸಿದಾಗ ನಾನು ಹೆದರಿ ಗಾಡಿ ಬಂದ್ ಮಾಡಿದೆ, ಈ ಕಡೆ ತಿರುಗಿ ನೋಡಿರೆಂದು ಬೇಡಿಕೊಂಡೆ.

‘ನೋಡಿದ್ರ ನಾ ಹೆದರತೇನಿ. ನಾ ಹೆದರಿದ್ರ ನೀ ಹೆದರತಿ. ಬಾ ಸುಮ್ನ’ ಎಂದರು, ಬೆನ್ನಿನಿಂದಲೇ.

ಹುಕ್ಕೇರಿಯ ಕಡೆ ಹೋಗುವಾಗೆಲ್ಲ ಧುಪದಾಳದ ಅಣೆಕಟ್ಟಿನ ಬಳಿ ಗಾಡಿ ನಿಲ್ಲಿಸುವುದು ಅವರ ಪದ್ಧತಿ. ನೀರು ಜಿಗಿಯುವ ಕಡೆಗೆ ಮುಖ ಮಾಡಿ ನಿಂತು, ಗುಂಡು ಬಿಚ್ಚಿ, ಟವೆಲ್ಲಿನ ತುದಿ ಒದ್ದೆ ಮಾಡಿ ಒರೆಸಿ, ಮತ್ತೆ ಕೂರಿಸುವುದು. ಸಾವ್ಕಾರರಿಗೆ ಎಷ್ಟೇ ಅವಸರವಿದ್ದರೂ ಅಲ್ಲಿ ಬಾಯಿ ಮುಚ್ಚಿ ಕೂರಬೇಕು. ದೇವರಿಗೆ ನೀರು ಹಾಕುವಷ್ಟು ಹೊತ್ತು ಎಂದು ನಾನು ಚೇಷ್ಟೆ ಮಾಡಿದರೆ, ‘ಗಿಳೀ, ನಿನಗ ಬರೇ ಬಾಯಿ ಒರಸೂದು ಗೊತ್ತು’ ಅನ್ನುತ್ತಿದ್ದರು. ನನ್ನನ್ನು ಅವರು ಗಿಳಿ ಎಂದೇ ಕರೆಯುತ್ತಿದ್ದದ್ದು.

ಹೀಗಿರುವಾಗ ಸಾವ್ಕಾರರ ಮಗಳಿಗೆ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಕೆಲಸವಾಯಿತು. ದಿನಾಲೂ ಹೋಗಿ ಬರಲಿಕ್ಕೆಂದು ಸಾವ್ಕಾರರು ಡೀಸೆಲ್ ಕಾರು ಮಾರಿ ಆಟೋಮ್ಯಾಟಿಕ್ ಗಾಡಿ ತಂದರು. ಮೊದಲ ದಿನ ಕಾಕಾ ಬಾಗಿಲು ತೆಗೆದು, ಬಗ್ಗಿ, ಕಾಲಿಡುವ ಜಾಗ ನೋಡಿ, ಒಂದು ಪೆಡಲು ಎಲ್ಲಿಯೋ ಬಿದ್ದುಹೋಗಿದೆ ಎಂದರು. ಆಮೇಲೆ ಗೇರಿನ ಗುಂಡನ್ನು ಹಿಡಿದು ತಿರುಗಿಸಿದರು. ಅದು ತಿರುಗಲಿಲ್ಲ. ಚರ್ಮ ಹೊದಿಸಿದ, ಬದಿಯಲ್ಲಿ ಒಂದು ಗುಂಡಿ ಇರುವ ಗುಂಡು ಅದು. ಆ ಗುಂಡಿ ಒತ್ತಿದರೆ ಮಾತ್ರ ಗಾಡಿ ನಿಂತ ಜಾಗ ಬಿಟ್ಟು ಕದಲುತ್ತದೆ. ಕಾಕಾ ತಮ್ಮ ಗಾಜಿನ ಗುಂಡನ್ನು ಕೈಯಲ್ಲಿ ಹಿಡಿದುಕೊಂಡು, ಮದುವೆ ಮನೆಗೆ ಬಂದು ಎಲೆ ಸಿಗದವರ ಹಾಗೆ ನಿಂತಿದ್ದರು. ನಾನು ನಕ್ಕೆ. ಆ ದಿನ ನಗಬಾರದಿತ್ತು ಎಂದು ಈಗ ಅನಿಸುತ್ತದೆ, ಆದರೆ ಆಗ ಬಹಳ ಮಜವಾಗಿತ್ತು.

ಅವರ ಎಡಗಾಲಿಗೆ ಕ್ಲಚ್ ಬೇಕಿತ್ತು. ಬಸ್ ಸ್ಟ್ಯಾಂಡಿನ ಎದುರು ಅಭ್ಯಾಸಬಲದಿಂದ ಎಡಗಾಲು ಒತ್ತಿದರು, ಅದು ಬ್ರೇಕ್ ಮೇಲೆ ಬಿತ್ತು, ಸಾವ್ಕಾರರ ಹಣೆ ಮುಂದಿನ ಸೀಟಿಗೆ ಬಡಿಯಿತು. ಎಡಗೈಗೂ ಕೆಲಸವಿಲ್ಲ. ಗಾಜಿನ ಗುಂಡನ್ನು ಎಡ ಅಂಗೈಯಲ್ಲಿ ಹೊರಳಿಸುತ್ತ ಬಲಗೈಯಲ್ಲಿ ಓಡಿಸತೊಡಗಿದರು. ಸಾವ್ಕಾರರ ಮಗಳಿಗೆ ಕಲಿಸಿದವರೂ ಅವರೇ. ಆಕೆ ಬೇಗ ಕಲಿತರು. ಆಮೇಲೆ ಆಕೆಯೇ ಓಡಿಸಿಕೊಂಡು ಹುಕ್ಕೇರಿಗೆ ಹೋಗುವುದು, ಕಾಕಾ ಬಾಜೂ ಸೀಟಿನಲ್ಲಿ ಕೂರುವುದು. ಡ್ರೈವರ್ ಅನ್ನುವವರು ಪ್ಯಾಸೆಂಜರ್ ಆಗಿ ಪಗಾರ ತೆಗೆದುಕೊಳ್ಳುತ್ತಿದ್ದಾರೆ ಎಂದು ಅಂಗಡಿಯಲ್ಲಿ ನಾವೆಲ್ಲ ಹೇಳಿ ನಗುತ್ತಿದ್ದೆವು. ಕಾಕಾ ನಗುತ್ತಿರಲಿಲ್ಲ. ದಸರೆ ಹತ್ತಿರ ಬಂದಾಗ ದಿನಕ್ಕೊಮ್ಮೆ ನನ್ನ ಬಳಿ ಬಂದು, ಸಾವ್ಕಾರರು ತನ್ನ ವಿಷಯ ಏನಾದರೂ ಅಂದರೋ ಎಂದು ಕೇಳುತ್ತಿದ್ದರು. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ, ಆ ವಯಸ್ಸಿನಲ್ಲಿ ಬೇರೆ ಯಾರೂ ಕರೆಯುವಂತಿರಲಿಲ್ಲ. ನನಗೆ ಅದು ಕಾಣಲಿಲ್ಲ. ನನಗೆ ಕಂಡದ್ದು ಒಂದು ಒಳ್ಳೆ ತಮಾಷೆಯ ಅವಕಾಶ.

ಒಂದು ಸಂಜೆ ಸಾವ್ಕಾರರು ಒಳಗೆ ಮನೆಗೆ ಹೋಗಿದ್ದರು. ಅಂಗಡಿಯ ಮೊಬೈಲು ಹಣದ ಗಲ್ಲೆಯ ಮೇಲಿತ್ತು. ಕಾಕಾ ಹೊರಗೆ ಕಾರಿನಲ್ಲಿ ಕೂತಿದ್ದರು, ಅಂಗಡಿಯ ಬಾಗಿಲಿಗೆ ಅಡ್ಡವಾಗಿ, ಇನ್ನೇನು ಕಂಪೌಂಡಿನ ಒಳಗೆ ಹಾಕಬೇಕು. ನಾನು ಚೀಲಗಳ ಹಿಂದೆ ನಿಂತು, ಸಾವ್ಕಾರರ ಹಾಗೆ ಮೂಗಿನಿಂದ ಒಮ್ಮೆ ಉಸಿರು ಬಿಟ್ಟು, ಫೋನಿನಲ್ಲಿ ಹೇಳಿದೆ. ‘ದಸರಾ ಆದ ಮ್ಯಾಲ ಬರೂದು ಬ್ಯಾಡಪಾ. ಈ ಗಾಡಿ ಯಾರ ಬೇಕಾದ್ರೂ ಓಡಸ್ತಾರ.’

ಬೈಗುಳ ಬರುತ್ತದೆ, ಆಮೇಲೆ ಹೊರಗೆ ಹೋಗಿ ನಕ್ಕು ಹೇಳಿದರಾಯಿತು ಎಂದು ಕಾದೆ. ಕಾಕಾ ‘ಆತ್ರಿ’ ಎಂದರು. ಅಷ್ಟೇ. ಆಗಲೇ ಒಬ್ಬ ಗಿರಾಕಿ ಯೂರಿಯಾ ಕೇಳಿಕೊಂಡು ಬಂದ. ಅವನನ್ನು ಕಳಿಸಿ ಹೊರಗೆ ಬಂದರೆ ಕಾಕಾ ಇಲ್ಲ, ಕಾರಿನ ಬಾಗಿಲು ಹಾಕಿದೆ, ಕೀಲಿ ಬಾಗಿಲ ಹೊರಗಿನ ಎಂದಿನ ಮೊಳೆಯಲ್ಲಿ ತೂಗುತ್ತಿದೆ. ನನ್ನ ದನಿ ಗುರುತು ಹಿಡಿದು ಮುನಿಸಿಕೊಂಡು ಹೋಗಿದ್ದಾರೆ, ನಾಳೆ ಚಹಾ ಕುಡಿಸಿದರೆ ಸರಿಹೋಗುತ್ತಾರೆ ಎಂದು ನನ್ನ ಬುದ್ಧಿವಂತಿಕೆ ಹೇಳಿತು.

ಮರುದಿನ ಬೆಳಿಗ್ಗೆ ಗೊಬ್ಬರದ ಲಾರಿ ಬಂತು. ಕಾರು ಅಡ್ಡ. ಸಾವ್ಕಾರರು ಕೀಲಿ ತೆಗೆದುಕೊಂಡು ಹೋಗಿ ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು. ನಾನು ಇಣುಕಿದೆ. ಗೇರಿನ ಜಾಗದಲ್ಲಿ ತಲೆ ಇಲ್ಲದ ರಾಡು ನಿಂತಿತ್ತು, ಸುತ್ತಲಿನ ಚರ್ಮ ಕಿತ್ತು ಮೇಲೆ ಬಂದಿತ್ತು. ಸೀಟಿನ ಮೇಲೆ ಎರಡು ಹನಿ ರಕ್ತ ಒಣಗಿತ್ತು. ಸ್ಟೇರಿಂಗಿನ ಮುಂದೆ ಗಾಜಿನ ಗುಂಡು ಕೂತಿತ್ತು, ಒಳಗಿನ ಕೆಂಪು ಹೂವು ಬಿಸಿಲಿಗೆ ಹೊಳೆಯುತ್ತ.

ಇಂಜಿನ್ ಶುರುವಾಯಿತು, ಗಾಡಿ ಕದಲಲಿಲ್ಲ. ಒತ್ತುವ ಗುಂಡಿಯೇ ಇಲ್ಲವಲ್ಲ. ರೈತರು, ಹಮಾಲರು, ಲಾರಿಯವನು, ಎಲ್ಲರೂ ಸೇರಿ ತಳ್ಳಿದರು. ಅದು ನೆಲಕ್ಕೆ ಬೇರು ಬಿಟ್ಟ ಹಾಗೆ ಕೂತಿತು. ಒಬ್ಬ ಮೆಕ್ಯಾನಿಕ್ ಬಂದು ನೋಡಿ, ತನಗೆ ಈ ನಮೂನೆಯ ಗಾಡಿ ಗೊತ್ತಿಲ್ಲ, ಬೆಳಗಾವಿಯಿಂದ ಕಂಪನಿಯವರನ್ನೇ ಕರೆಸಿರಿ ಎಂದು ಕೈ ತೊಳೆದುಕೊಂಡ. ನಾ ಇಲ್ಲದೆ ಗಾಡಿ ಅಳ್ಳಾಡುವುದಿಲ್ಲ ಎಂದು ಇಷ್ಟು ವರ್ಷ ಚಹಾದ ಅಂಗಡಿಯಲ್ಲಿ ಕೂತು ಹೇಳಿದ ಸುಳ್ಳು ಬಜಾರದ ನಡುವೆ ನಿಜವಾಗಿ ನಿಂತಿತ್ತು. ಯಾರೂ ನಗಲಿಲ್ಲ.

ಸಾವ್ಕಾರರ ಮುಖ ಕಪ್ಪಾಗಿತ್ತು. ‘ಇಷ್ಟ ವರ್ಷ ತನ್ನ ಗುಂಡು ಒಯ್ತಿದ್ದ. ಈ ಸಲ ನನ್ನದು ಒಯ್ದಾನ. ಇದಕ್ಕ ಏನಂತಾರ?’ ಎಂದರು.

ಗುಂಪಿನಲ್ಲಿ ಯಾರೋ, ‘ಕಳವು ಅಂತಾರ’ ಎಂದರು.

ಮಧ್ಯಾಹ್ನದೊಳಗೆ ಬಾರದಿದ್ದರೆ ಠಾಣೆಗೆ ಹೋಗುತ್ತೇನೆ ಎಂದು ಸಾವ್ಕಾರರು ಹೇಳುತ್ತಿದ್ದಂತೆಯೇ ನಾನು ಬೈಕು ಹತ್ತಿದ್ದೆ. ಫೋನು ಮಾಡಿದ್ದು ನಾನು ಎಂದು ಅಲ್ಲೇ ಹೇಳಬಹುದಿತ್ತು. ಎಲ್ಲರ ದನಿ ಬರುವ ಬಾಯಿಗೆ ಆ ಹೊತ್ತಿನಲ್ಲಿ ತನ್ನದೊಂದೇ ಬರಲಿಲ್ಲ.

ಕುಲಗೋಡದ ಬಸ್ ನಿಲ್ದಾಣದ ಹತ್ತಿರದ ಚಹಾದ ಅಂಗಡಿಯಲ್ಲಿ ಕಾಕಾ ಕೂತಿದ್ದರು. ಮೇಲಿನ ತುಟಿ ಬಾತು ಮೂಗಿಗೆ ತಾಗಿತ್ತು. ಎದುರಿನ ಬೆಂಚಿನ ಮೇಲೆ ಟವೆಲ್ಲಿನಲ್ಲಿ ಸುತ್ತಿದ ಕಾರಿನ ಗುಂಡು. ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದರು.

‘ಸಾವ್ಕಾರ್ರು ಬಂದಾರೇನು?’

ಇಲ್ಲ ಎಂದೆ. ಗಾಡಿ ನಿಂತ ಜಾಗ ಬಿಟ್ಟು ಕದಲುತ್ತಿಲ್ಲ, ಊರೆಲ್ಲ ಸೇರಿ ತಳ್ಳಿದರೂ ಅಳ್ಳಾಡುತ್ತಿಲ್ಲ ಎಂದೆ. ಚೇಷ್ಟೆ ಮಾಡಬೇಡ ಎಂದರು. ನಾನು ಆಣೆ ಮಾಡಿದೆ. ಅಷ್ಟು ಹೆದರಿದ ಕಾಕಾರನ್ನು ನಾನು ಎಂದೂ ನೋಡಿರಲಿಲ್ಲ.

‘ನಾ ಸುಮ್ನ ಅಂತಿದ್ದೆಲೇ’ ಎಂದರು. ‘ಅದು ಖರೇನ ಅಳ್ಳಾಡಂಗಿಲ್ಲ ಅಂತ ನನಗೇನ ಗೊತ್ತು?’

ಆಗ ಹೇಳಿದೆ. ಹೇಳಿದರೆ ನಂಬಲಿಲ್ಲ, ಅದಕ್ಕೆ ಮೂಗಿನಿಂದ ಉಸಿರು ಬಿಟ್ಟು ಅದೇ ಮಾತನ್ನು ಅದೇ ದನಿಯಲ್ಲಿ ಆಡಿ ತೋರಿಸಿದೆ. ಕಪಾಳಕ್ಕೆ ಬೀಳುತ್ತದೆ ಎಂದು ಒಂದು ಹೆಜ್ಜೆ ಹಿಂದೆ ಸರಿದೆ. ಕಾಕಾ ಕಣ್ಣು ಮುಚ್ಚಿ, ಇನ್ನೊಮ್ಮೆ ಅನ್ನು ಎಂದರು. ಇನ್ನೊಮ್ಮೆ ಅಂದೆ. ಅಷ್ಟು ಮನಸ್ಸಿಟ್ಟು ನನ್ನನ್ನು ಯಾವ ಮದುವೆಯಲ್ಲಿಯೂ ಯಾರೂ ಕೇಳಿರಲಿಲ್ಲ. ಆಮೇಲೆ ಎದ್ದು, ಟವೆಲ್ಲನ್ನು ಎದೆಗೆ ಒತ್ತಿಕೊಂಡು ಬೈಕಿನ ಹಿಂದೆ ಕೂತರು.

ದಾರಿಯಲ್ಲಿ ಕೇಳದೆಯೇ ಹೇಳಿದರು. ಸಿಟ್ಟು ಬಂದಾಗ ಕೈ ತಾನಾಗಿ ಗೇರಿನ ಗುಂಡಿನ ಮೇಲೆ ಹೋಯಿತು. ತಿರುಗಿಸಿದರೆ ತಿರುಗಲಿಲ್ಲ, ಎರಡೂ ಕೈ ಹಾಕಿ ಮೇಲಕ್ಕೆ ಜಗ್ಗಿದರು, ಅದು ಒಮ್ಮೆಲೇ ಕಿತ್ತು ಬಂದು ತುಟಿಗೆ ಬಡಿಯಿತು. ಬಾಯಲ್ಲಿ ರಕ್ತ, ಕಣ್ಣಲ್ಲಿ ನೀರು. ಇದು ತನ್ನದಲ್ಲ ಎಂದು ಆಗ ನೆನಪಾಯಿತು. ಎರಡೂ ಗುಂಡು ಕೈಯಲ್ಲಿದ್ದವು, ಒಂದನ್ನು ಅಲ್ಲೇ ಇಟ್ಟು ಬಂದರು. ಯಾವುದನ್ನು ಇಟ್ಟೆ ಎಂದು ನೋಡಿಕೊಂಡದ್ದು ಊರ ಬಸ್ಸಿನಲ್ಲಿ ಕೂತ ಮೇಲೆ. ‘ನಂದ ಬಿಟ್ಟು ಅವರದು ತಂದೇನಿ. ಇಂಥ ಹುಚ್ಚ ಡ್ರೈವರ್ ಯಾರಿಗೆ ಬೇಕು’ ಎಂದು ನಕ್ಕರು. ತುಟಿ ನೋಯಿತೇನೋ, ನಗು ಅರ್ಧಕ್ಕೆ ನಿಂತಿತು.

ಅಂಗಡಿಯ ಮುಂದೆ ಜನ ಇನ್ನೂ ಇದ್ದರು. ಸಾವ್ಕಾರರು ಮೆಟ್ಟಿಲ ಮೇಲೆ ಕೂತಿದ್ದರು, ಮಗಳು ಶಾಲೆಗೆ ರಜೆ ಹೇಳಿ ಪಕ್ಕದಲ್ಲಿ ನಿಂತಿದ್ದರು. ಕಾಕಾ ಇಳಿಯುವ ಮೊದಲೇ ನಾನು ಓಡಿಹೋಗಿ ಎಲ್ಲರೆದುರು ಹೇಳಿಬಿಟ್ಟೆ. ತಮಾಷೆಗೆ ನಾನೇ ಫೋನು ಮಾಡಿದ್ದು, ಹೀಗೆ ಹೀಗೆ ಅಂದದ್ದು, ಕಾಕಾರದ್ದು ಏನೂ ತಪ್ಪಿಲ್ಲ. ಸಾವ್ಕಾರರು ಎದ್ದು ಬಂದು ಬಾರಿಸುತ್ತಾರೆ ಅಂದುಕೊಂಡೆ. ಅವರು ಏಳಲಿಲ್ಲ. ನನ್ನ ಮುಖ ನೋಡಿ, ಕಾಕಾರ ಮುಖ ನೋಡಿ, ಕೊನೆಗೆ ತಮ್ಮ ಚಪ್ಪಲಿ ನೋಡತೊಡಗಿದರು.

ಮಗಳು ಮೆಲ್ಲಗೆ ಕೇಳಿದರು. ‘ಅಪ್ಪಾ, ಮೊನ್ನಿ ಊಟಕ್ಕ ಕುಂತಾಗ ನೀವು ಅಂದದ್ದೂ ಇದನ್ನ ಅಲ್ಲೇನು? ದಸರಾ ಆದ ಮ್ಯಾಲ ಅಂತ?’

ನಾನು ದಂಗಾದೆ. ಆ ಮಾತನ್ನು ನಾನು ಕಟ್ಟಿದ್ದು ಅಂದುಕೊಂಡಿದ್ದೆ. ಗಿಳಿ ಎಲ್ಲಿ ಮಾತು ಕಟ್ಟುತ್ತದೆ? ಫೋನಿನಲ್ಲಿ ಯಾರಿಗೋ ಹೇಳುವಾಗ, ಗಲ್ಲೆಯಲ್ಲಿ ತಮ್ಮಷ್ಟಕ್ಕೆ ಗೊಣಗುವಾಗ, ಸಾವ್ಕಾರರ ಬಾಯಿಂದ ಉದುರಿದ್ದನ್ನೇ ನಾನು ಆರಿಸಿಕೊಂಡಿದ್ದೆ. ಕಾಕಾರ ಕಿವಿಗೆ ಅದು ಖರೆ ಅನಿಸಿದ್ದರಲ್ಲಿ ಆಶ್ಚರ್ಯವೇನಿತ್ತು.

ಕಾಕಾ ಎಲ್ಲ ಕೇಳಿಸಿಕೊಂಡರು. ‘ಹುಡುಗ ನಿಮ್ಮ ದನಿ ಅಷ್ಟ ಕದ್ದಾನ್ರಿ’ ಎಂದರು, ನಿಧಾನವಾಗಿ. ‘ಮಾತು ನಿಮ್ಮದ ಐತಿ.’

ಆಮೇಲೆ ಕಾರಿನ ಬಾಗಿಲು ತೆಗೆದು, ಟವೆಲ್ಲು ಬಿಚ್ಚಿ, ಗುಂಡನ್ನು ರಾಡಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಬಲವಾಗಿ ಒತ್ತಿದರು. ಟಕ್ ಎಂದಿತು. ಒಳಗೆ ಏನೋ ಬಾಗಿರಬೇಕು, ಅದು ಇಂದಿಗೂ ಸ್ವಲ್ಪ ಗಲಗಲ ಅನ್ನುತ್ತದೆ. ಹೊರಗೆ ಬಂದು ಕೀಲಿಯನ್ನು ಮಗಳ ಕೈಗೆ ಕೊಟ್ಟು, ಲಾರಿ ಕಾಯುತ್ತಿದೆ, ಹಿಂದಕ್ಕೆ ತೆಗೆ ತಂಗಿ ಎಂದರು. ನೀವೇ ತೆಗೆಯಿರಿ, ನಾನು ಅಪ್ಪನಿಗೆ ಹೇಳುತ್ತೇನೆ, ನೀವು ಎಲ್ಲಿಗೂ ಹೋಗಬೇಡಿರಿ ಎಂದು ಆಕೆ ಅಳುವ ದನಿಯಲ್ಲಿ ಹೇಳುತ್ತಲೇ ಇದ್ದರು. ಕಾಕಾ ಆಗಲೇ ಗಾಡಿಯ ಹಿಂದೆ ಹೋಗಿ ಬೆನ್ನು ಮಾಡಿ ನಿಂತಿದ್ದರು. ತುಂಬಿದ ಬಜಾರದಲ್ಲಿ, ಹಿಂದೆ ಲಾರಿ, ಮುಂದೆ ಅಳುತ್ತ ಸ್ಟೇರಿಂಗ್ ಹಿಡಿದ ಹುಡುಗಿ, ನಡುವೆ ಆ ವಾಲಿದ ಕುತ್ತಿಗೆ. ಗಾಡಿ ಬಂತು, ಅವರ ಧೋತರಕ್ಕೆ ತಾಗುವಷ್ಟು ಬಂತು, ನಿಂತಿತು. ಕಾಕಾ ತಿರುಗದೆಯೇ ಡಿಕ್ಕಿಯ ಮೇಲೆ ಒಮ್ಮೆ ತಟ್ಟಿ ರಸ್ತೆಗೆ ಇಳಿದರು.

ಮುಂದೆ ಅವರು ಮೂಡಲಗಿಯಲ್ಲಿ ಶಾಲೆಯೊಂದರ ಹಳೆಯ ವ್ಯಾನು ಓಡಿಸಿದರು, ಮೂರು ಪೆಡಲಿನದು. ಅದರ ರಾಡು ಕೊನೆಯ ತನಕ ಬೋಳಾಗಿಯೇ ಇತ್ತಂತೆ. ಗಾಜಿನ ಗುಂಡು ನಮ್ಮ ಅಂಗಡಿಯ ಗಲ್ಲೆಯ ಮೇಲಿದೆ, ಗಾಳಿಗೆ ಬಿಲ್ಲುಗಳು ಹಾರದಂತೆ. ಅದನ್ನು ಎತ್ತಿ ಬೇರೆ ಕಡೆ ಇಡುವ ಧೈರ್ಯ ಸಾವ್ಕಾರರಿಗೂ ಆಗಿಲ್ಲ, ನನಗೂ ಆಗಿಲ್ಲ.

ಅವತ್ತು ಸಾವ್ಕಾರರು ಅದನ್ನು ಕಾರಿನಿಂದ ತೆಗೆದು, ಎಂದೂ ಎದ್ದು ಓಡದವರು ಎದ್ದು ಓಡಿ, ಚಹಾದ ಅಂಗಡಿಯ ಮುಂದೆ ಕಾಕಾರನ್ನು ಹಿಡಿದರು. ನಡಿ, ಗುಂಡು ಹಾಕು ಎಂಬ ಹಳೆಯ ಮಾತು ಅವರ ಗಂಟಲಿನ ತನಕ ಬಂದದ್ದು ನನಗೆ ಕಾಣುತ್ತಿತ್ತು. ಹಾಕುವುದಕ್ಕೆ ಗಾಡಿಯಲ್ಲಿ ಜಾಗ ಎಲ್ಲಿತ್ತು? ಕೈ ಮುಂದೆ ಚಾಚಿ, ‘ನಿನ್ನ ಗುಂಡು ಬಿಟ್ಟ ಹೊಂಟೀಯಲ್ಲೋ’ ಎಂದಷ್ಟೇ ಹೇಳಿದರು.

ಕಾಕಾ ಆ ಬಾತ ತುಟಿಯಲ್ಲಿ, ಒಂದೊಂದೇ ಮಾತಾಗಿ ಹೇಳಿದರು. ಆ ದನಿ ನನಗೆ ಇವತ್ತಿಗೂ ತೆಗೆಯಲು ಬಂದಿಲ್ಲ.

‘ಗಾಡಿ ನಿಮ್ಮದು ಅನ್ನೂದು ನಾ ಮರತಿದ್ದೆ ಸಾವ್ಕಾರ್ರ, ನೀವು ನೆನಪ ಮಾಡಿದ್ರಿ. ಗುಂಡು ನನ್ನದು ಅನ್ನೂದು ನೀವು ಮರೀಬಾರದಲ್ರಿ, ಅದಕ್ಕ ಬಿಟ್ಟ ಹೊಂಟೇನಿ.’